ನ್ಯಾಯಾಧೀಶರನ್ನು ಆರಿಸುವ ಪಟ್ಟಿ: ಗ್ವಾಟೆಮಾಲಾದ ಒಂದು ಪ್ರಕರಣ

2014ರ ಸೆಪ್ಟೆಂಬರ್. ಮಧ್ಯ ಅಮೆರಿಕದ ದೇಶ ಗ್ವಾಟೆಮಾಲಾದ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶೆಯೊಬ್ಬರನ್ನು ಕಾಣಲು ಆಳುವ ಪಕ್ಷದ ಸಂಸದನೊಬ್ಬ ಬಂದ. ಅವರ ಪೀಠದ ಮುಂದೆ ಆಗ ಒಂದು ಅರ್ಜಿ ಇತ್ತು. ದೇಶದ ಉಪಾಧ್ಯಕ್ಷೆ ಪಕ್ಷದಲ್ಲಿ ಹೊಂದಿದ್ದ ಸ್ಥಾನಕ್ಕೆ ಸಂಬಂಧಿಸಿದ ಅರ್ಜಿ ಅದು. ತೀರ್ಪು ಉಪಾಧ್ಯಕ್ಷೆಯ ಪರವಾಗಿ ಬರಬೇಕು ಅನ್ನುವುದು ಸಂಸದನ ಕೋರಿಕೆ. ಅದಕ್ಕೆ ಪ್ರತಿಯಾಗಿ ಆತ ಕೊಡಲು ಬಂದದ್ದು ದುಡ್ಡಲ್ಲ, ಹುದ್ದೆ. ಮುಂದಿನ ಐದು ವರ್ಷಕ್ಕೆ ಅವರೇ ನ್ಯಾಯಾಧೀಶೆಯಾಗಿ ಮುಂದುವರಿಯುವ ಭರವಸೆ.

ನ್ಯಾಯಾಧೀಶೆ ಆ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡರು.

ಈ ಒಂದು ಭೇಟಿಯಿಂದ ಶುರು ಮಾಡಿ, ಮುಂದಿನ ಹತ್ತು ವರ್ಷ ಆ ದೇಶದಲ್ಲಿ ಏನೇನಾಯಿತು ಅಂತ ಇಲ್ಲಿ ಬರೆದಿದ್ದೇನೆ. ದೇಶ, ಸಂಸ್ಥೆ, ವರ್ಷ ಎಲ್ಲ ಇದ್ದ ಹಾಗೇ ಇವೆ. ವ್ಯಕ್ತಿಗಳನ್ನು ಮಾತ್ರ ಹುದ್ದೆಯಿಂದ ಕರೆದಿದ್ದೇನೆ, ಹೆಸರು ಹಾಕಿಲ್ಲ. ಹೆಸರು ಕಂಡ ಕೂಡಲೇ ನಮ್ಮ ಸಿಟ್ಟು, ಅಭಿಮಾನ ಎಲ್ಲ ಆ ಒಬ್ಬರ ಕಡೆ ಹೊರಳುತ್ತದೆ. ನನಗೆ ತೋರಿಸಬೇಕಾಗಿರುವುದು ಕುರ್ಚಿಗಳನ್ನು, ಆ ಕುರ್ಚಿಗೆ ಜನ ಬರುವ ದಾರಿಯನ್ನು.

ಹಿನ್ನೆಲೆ

ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಒಳಯುದ್ಧ ನಡೆಯಿತು. ಸತ್ತವರು ಮತ್ತು ಕಾಣೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು ಎಂದು ಯುದ್ಧದ ನಂತರದ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಜನ ಮಾಯಾ ಬುಡಕಟ್ಟಿನವರು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1985ರಲ್ಲಿ, ದೇಶಕ್ಕೆ ಹೊಸ ಸಂವಿಧಾನ ಬಂತು. ಮಿಲಿಟರಿ ಆಡಳಿತದಿಂದ ಚುನಾಯಿತ ಆಡಳಿತಕ್ಕೆ ಬರುವ ದಾರಿ ಅದು.

ಸಂವಿಧಾನ ಬರೆದವರಿಗೆ ಒಂದು ಭಯ ಇತ್ತು. ನ್ಯಾಯಾಧೀಶರನ್ನು ರಾಜಕಾರಣಿಗಳೇ ನೇಮಿಸಿದರೆ ಕೋರ್ಟು ಅವರ ಕೈಗೊಂಬೆಯಾಗುತ್ತದೆ. ಅದಕ್ಕೆ ನೇಮಕಾತಿಯ ಮೊದಲ ಹೆಜ್ಜೆಯನ್ನು ಕಾನೂನು ಬಲ್ಲವರಿಗೆ ಒಪ್ಪಿಸಿದರು. ಒಂದು ಸಮಿತಿ. ಆಮೇಲಿನ ತಿದ್ದುಪಡಿಯ ನಂತರ ಅದರ ರೂಪ ಹೀಗೆ: ವಿಶ್ವವಿದ್ಯಾಲಯವೊಂದರ ಮುಖ್ಯಸ್ಥರು ಅಧ್ಯಕ್ಷರು. ಎಲ್ಲ ವಿಶ್ವವಿದ್ಯಾಲಯಗಳ ಕಾನೂನು ವಿಭಾಗದ ಡೀನ್‌ಗಳು ಸದಸ್ಯರು. ಅಷ್ಟೇ ಸಂಖ್ಯೆಯಲ್ಲಿ ವಕೀಲರ ಸಂಘದ ಪ್ರತಿನಿಧಿಗಳು, ಅಷ್ಟೇ ಸಂಖ್ಯೆಯಲ್ಲಿ ಮೇಲ್ಮನವಿ ನ್ಯಾಯಾಧೀಶರ ಪ್ರತಿನಿಧಿಗಳು. ಈ ಸಮಿತಿ ಸುಪ್ರೀಂ ಕೋರ್ಟಿಗೆ 26 ಹೆಸರುಗಳ ಪಟ್ಟಿ ಕೊಡುತ್ತದೆ. ಸಂಸತ್ತು ಅದರಿಂದ 13 ಜನರನ್ನು ಆರಿಸುತ್ತದೆ. ಮೇಲ್ಮನವಿ ನ್ಯಾಯಾಲಯಗಳಿಗೂ ಹೆಚ್ಚುಕಡಿಮೆ ಇದೇ ಕ್ರಮ.

ಕಾಗದದ ಮೇಲೆ ನೋಡಿದರೆ ಇದು ಒಳ್ಳೆಯ ಯೋಚನೆಯೇ ಅಲ್ವಾ? ಆದರೆ ಇದರಲ್ಲಿ ಎರಡು ಬಿರುಕು ಇದ್ದವು.

ಮೊದಲನೆಯದು, ಹೀಗೆ ಆಯ್ಕೆಯಾಗುವ ಎಲ್ಲ ನ್ಯಾಯಾಧೀಶರ ಅವಧಿಯೂ ಐದೇ ವರ್ಷ, ಎಲ್ಲವೂ ಒಂದೇ ದಿನ ಮುಗಿಯುತ್ತದೆ. ಇಡೀ ಸುಪ್ರೀಂ ಕೋರ್ಟು, ಎಲ್ಲ ಮೇಲ್ಮನವಿ ನ್ಯಾಯಾಲಯಗಳು ಒಂದೇ ಸಲ ಖಾಲಿಯಾಗಿ ಒಂದೇ ಸಲ ತುಂಬುತ್ತವೆ. ಒಮ್ಮೆ ಆ ಪಟ್ಟಿಯ ಮೇಲೆ ಹಿಡಿತ ಸಿಕ್ಕರೆ ಐದು ವರ್ಷದ ನ್ಯಾಯಾಂಗವೇ ಸಿಕ್ಕಂತೆ. ಇಷ್ಟು ದೊಡ್ಡ ಫಲ ಒಂದೇ ಸಲಕ್ಕೆ ಸಿಗುವುದಾದರೆ, ಅದರ ಮೇಲೆ ಕಣ್ಣಿಡುವವರೂ ಅಷ್ಟೇ ದೊಡ್ಡವರು ಇರುತ್ತಾರೆ.

ಎರಡನೆಯದು ನನಗೆ ಇನ್ನೂ ಜಾಸ್ತಿ ಕಾಡುವ ಸಂಗತಿ. ಡೀನ್‌ಗೆ ಮತ ಇದೆ ಅಂದ ಮೇಲೆ ಡೀನ್ ಹುದ್ದೆಗೇ ಬೆಲೆ ಬಂತು. 1985ರಲ್ಲಿ ಬೆರಳೆಣಿಕೆಯಷ್ಟಿದ್ದ ಕಾನೂನು ವಿಭಾಗಗಳು ಬೆಳೆಯುತ್ತಾ ಹೋದವು. ವಿದ್ಯಾರ್ಥಿಗಳು ತೀರಾ ಕಡಿಮೆ ಇದ್ದ ಹೊಸ ವಿಭಾಗದ ಡೀನ್‌ಗೂ ಸಮಿತಿಯಲ್ಲಿ ಒಂದು ಪೂರ್ತಿ ಮತ. ವಕೀಲರ ಸಂಘದ ಪ್ರತಿನಿಧಿಗಳ ಆಯ್ಕೆಯೂ ಹಾಗೇ. ಅಲ್ಲಿ ರಾಜಕೀಯ ಪಕ್ಷಗಳ ಚುನಾವಣೆಯಂತೆ ದುಡ್ಡು ಹರಿಯತೊಡಗಿತು. ರಾಜಕೀಯವನ್ನು ಹೊರಗಿಡಲು ಕಟ್ಟಿದ ಗೋಡೆ ಇದು. ರಾಜಕೀಯ ಆ ಗೋಡೆಯನ್ನು ಒಡೆಯಲಿಲ್ಲ. ನಡೆದುಕೊಂಡು ಒಳಗೆ ಹೋಗಿ ಪಾಠಶಾಲೆಯಲ್ಲಿ, ವಕೀಲರ ಸಂಘದಲ್ಲಿ ಕುಳಿತುಕೊಂಡಿತು.

2009ರಲ್ಲಿ ಇದನ್ನು ಸರಿಪಡಿಸಲು ಒಂದು ಕಾನೂನು ಬಂತು. ಸಮಿತಿಯ ಸಭೆಗಳು ಬಹಿರಂಗವಾಗಿ ನಡೆಯಬೇಕು, ಅಭ್ಯರ್ಥಿಗಳಿಗೆ ಅಂಕ ಕೊಡಬೇಕು. ಒಳ್ಳೆಯದೇ. ಆದರೆ ಪದವಿಗೆ, ಅನುಭವಕ್ಕೆ, ಪ್ರಮಾಣಪತ್ರಕ್ಕೆ ಅಂಕ ಕೊಡಬಹುದು. ಪ್ರಾಮಾಣಿಕತೆಗೆ ಅಂಕ ಹೇಗೆ ಕೊಡುವುದು? ಮಾತುಕತೆ ಮೊದಲೇ ಬೇರೆಲ್ಲೋ ಮುಗಿದಿರುತ್ತಿತ್ತು. ಸಭೆಯಲ್ಲಿ ಅದಕ್ಕೆ ತಕ್ಕ ಅಂಕ ಬೀಳುತ್ತಿತ್ತು.

ಇನ್ನೊಂದು ಸಂಸ್ಥೆಯ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. 2006ರ ಡಿಸೆಂಬರ್‌ನಲ್ಲಿ ಗ್ವಾಟೆಮಾಲಾ ಸರ್ಕಾರ ಮತ್ತು ವಿಶ್ವಸಂಸ್ಥೆ ಒಂದು ಒಪ್ಪಂದಕ್ಕೆ ಬಂದವು. ಶಿಕ್ಷೆಯಿಲ್ಲದೆ ತಪ್ಪಿಸಿಕೊಳ್ಳುವ ಪರಿಪಾಠದ ವಿರುದ್ಧ ಒಂದು ಅಂತರರಾಷ್ಟ್ರೀಯ ಆಯೋಗ. ಸ್ಪ್ಯಾನಿಷ್ ಮೊದಲಕ್ಷರಗಳಿಂದ ಅದನ್ನು ಎಲ್ಲರೂ ಸಿಸಿಗ್ ಅನ್ನುತ್ತಿದ್ದರು. 2007ರಲ್ಲಿ ಕೆಲಸ ಶುರುವಾಯಿತು. ಅದರ ರಚನೆ ಬೇರೆ ಥರ ಇತ್ತು. ಅದಕ್ಕೆ ತನ್ನದೇ ಕೋರ್ಟ್ ಇರಲಿಲ್ಲ. ಸಾಕ್ಷ್ಯ ಹುಡುಕಿ, ಆ ದೇಶದ ಪ್ರಾಸಿಕ್ಯೂಟರ್‌ಗಳ ಜೊತೆ ಸೇರಿ, ಆ ದೇಶದ ಕೋರ್ಟಿನಲ್ಲೇ, ಆ ದೇಶದ ಕಾನೂನಿನಡಿ ವಾದ ಮಾಡಬೇಕು. ಇದು ಅದರ ಗೌರವವೂ ಹೌದು, ಮಿತಿಯೂ ಹೌದು. ಎಷ್ಟೇ ಒಳ್ಳೆಯ ತನಿಖೆ ಮಾಡಿದರೂ ಕೊನೆಗೆ ಕಡತ ಹೋಗಿ ಸೇರುವುದು ಆ ಪಟ್ಟಿಯಿಂದ ಬಂದ ನ್ಯಾಯಾಧೀಶರ ಮೇಜಿಗೆ.

ನ್ಯಾಯಾಧೀಶೆಯ ಮುಂದಿದ್ದ ದಾರಿಗಳು

ಮತ್ತೆ 2014ಕ್ಕೆ ಬರೋಣ. ಆ ವರ್ಷ ಅವಧಿ ಮುಗಿಯುತ್ತಿತ್ತು. ನ್ಯಾಯಾಧೀಶೆಗೆ ಮರುನೇಮಕ ಬೇಕಿತ್ತು. ಅದು ಅವರ ವೃತ್ತಿ, ಜೀವನ. ಮರುನೇಮಕ ಕೊಡುವುದು ಸಂಸತ್ತು. ಸಂಸತ್ತಿನಿಂದಲೇ ಒಬ್ಬ ಬಂದು ಕೇಳುತ್ತಿದ್ದಾನೆ.

ಹುದ್ದೆಯ ಆಮಿಷ ದುಡ್ಡಿನ ಲಂಚಕ್ಕಿಂತ ಯಾಕೆ ಅಪಾಯ ಅಂತ ಸ್ವಲ್ಪ ನಿಂತು ನೋಡಬೇಕು. ದುಡ್ಡು ತೆಗೆದುಕೊಂಡವರಿಗೆ ತಾವು ತಪ್ಪು ಮಾಡಿದ್ದೇವೆ ಅನ್ನುವುದಾದರೂ ಗೊತ್ತಿರುತ್ತದೆ. ಹುದ್ದೆ ಹಾಗಲ್ಲ. ಅರ್ಹತೆ ಇದ್ದವರಿಗೂ ಹುದ್ದೆ ಬೇಕೇ ಬೇಕು. ಅದನ್ನು ಪಡೆಯುವುದು ಅಪರಾಧ ಅಲ್ಲ. ಒಂದು ಸಣ್ಣ ಅರ್ಜಿ, ಒಂದು ಸಣ್ಣ ಆದೇಶ, ಕಾನೂನಿನಲ್ಲಿ ಅದಕ್ಕೆ ಏನಾದರೂ ಸಮರ್ಥನೆ ಸಿಕ್ಕೇ ಸಿಗುತ್ತದೆ. ತಾನು ಮಾರಾಟವಾದೆ ಅನ್ನುವ ಭಾವನೆಯೇ ಬಾರದ ಹಾಗೆ ಮನುಷ್ಯ ಮಾರಾಟವಾಗಬಹುದು. ಒಮ್ಮೆ ಹೀಗೆ ಹುದ್ದೆಗೆ ಬಂದವರು ಐದು ವರ್ಷ ಋಣದಲ್ಲೇ ಇರುತ್ತಾರೆ. ಮತ್ತೆ ಯಾರೂ ಬಂದು ಕೇಳಬೇಕಾಗಿಲ್ಲ.

ಅವರ ಮುಂದೆ ಮೂರು ದಾರಿ ಇದ್ದವು. ಒಪ್ಪಿಕೊಳ್ಳುವುದು. ಸುಮ್ನೆ ತಿರಸ್ಕರಿಸಿ, ಯಾರಿಗೂ ಹೇಳದೆ ಇರುವುದು. ಇಲ್ಲವೇ ಬಹಿರಂಗವಾಗಿ ಹೇಳುವುದು. ಎರಡನೆಯ ದಾರಿಯನ್ನು ನಾವು ಪ್ರಾಮಾಣಿಕತೆ ಅಂತಲೇ ಕರೆಯುತ್ತೇವೆ, ಎಷ್ಟೋ ಒಳ್ಳೆಯವರು ಅದನ್ನೇ ಹಿಡಿಯುತ್ತಾರೆ. ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ದಾರಿಯಲ್ಲಿ ಪಟ್ಟಿಗೆ ಏನೂ ಆಗುವುದಿಲ್ಲ. ಬಂದವನು ಪಕ್ಕದ ಬಾಗಿಲು ತಟ್ಟುತ್ತಾನೆ.

ಸೆಪ್ಟೆಂಬರ್ ಕೊನೆಯಲ್ಲಿ ಸಂಸತ್ತು ಆಯ್ಕೆ ಮಾಡಿತು. ಆಯ್ಕೆಯಾದವರಲ್ಲಿ ನ್ಯಾಯಾಧೀಶೆಯ ಹೆಸರೂ ಇತ್ತು. ಅಂದರೆ ಅವರು ಬೇಕಾಗಿದ್ದನ್ನು ಪಡೆದಾಗಿತ್ತು. ಆಗ ಅವರು ಆ ಹುದ್ದೆಯನ್ನು ಬಿಟ್ಟುಕೊಟ್ಟರು. ಅಕ್ಟೋಬರ್‌ನಲ್ಲಿ ರೆಕಾರ್ಡಿಂಗ್ ಹೊರಗಿಟ್ಟು, ಇಡೀ ಆಯ್ಕೆಯೇ ಕೊಳೆತಿದೆ ಎಂದು ಹೇಳಿದರು. ಈ ಕ್ಷಣ ನನಗೆ ಬಹಳ ಮುಖ್ಯ. ಹುದ್ದೆ ಸಿಗದವರು ಮಾತಾಡಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ಸಿಕ್ಕಿದ್ದನ್ನು ಬಿಟ್ಟು ಮಾತಾಡಿದವರನ್ನು ಹಾಗೆ ತಳ್ಳಿಹಾಕಲು ಆಗಲಿಲ್ಲ. ಬೇರೆ ನ್ಯಾಯಾಧೀಶರೂ ದನಿಗೂಡಿಸಿದರು.

ಸುಪ್ರೀಂ ಕೋರ್ಟಿನಿಂದ ಬೇರೆಯಾದ ಸಂವಿಧಾನ ನ್ಯಾಯಾಲಯ ಅಲ್ಲಿದೆ. ಅದು ಮೊದಲು ಆಯ್ಕೆಗೆ ತಡೆ ಕೊಟ್ಟಿತು. ನವೆಂಬರ್‌ನಲ್ಲಿ ಅಂತಿಮ ತೀರ್ಪು ಬಂತು. ಐವರಲ್ಲಿ ಮೂವರು ಆಯ್ಕೆ ಸರಿ ಎಂದರು, ಇಬ್ಬರು ಒಪ್ಪಲಿಲ್ಲ. ತಡೆ ಹೋಯಿತು. ಆಯ್ಕೆಯಾದವರೆಲ್ಲ ಹುದ್ದೆಗೆ ಏರಿದರು.

ಆ ಸಂಸದನಿಗೆ 2016ರಲ್ಲಿ 13 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು. ಅದನ್ನು ನ್ಯಾಯಕ್ಕೆ ಸಿಕ್ಕ ಗೆಲುವು ಎಂದೇ ಎಲ್ಲರೂ ಬರೆದರು. ಗೆಲುವೇ ಸರಿ. ಆದರೆ ನೋಡಿ, ಆತ ಯಾವ ಪಟ್ಟಿಗಾಗಿ ವ್ಯವಹಾರ ಮಾಡಲು ಬಂದಿದ್ದನೋ ಆ ಪಟ್ಟಿ ಅಲುಗಾಡಲಿಲ್ಲ. ಒಬ್ಬನಿಗೆ ಶಿಕ್ಷೆ, ಪಟ್ಟಿಗೆ ಮಾನ್ಯತೆ. ಮುಂದಿನ ಒಂಬತ್ತು ವರ್ಷದ ಕಥೆ ಈ ಎರಡರ ನಡುವೆಯೇ ನಡೆಯಿತು.

ನ್ಯಾಯಾಧೀಶೆ ದೇಶ ಬಿಟ್ಟು ಹೋದರು.

ಚೌಕ ತುಂಬಿದ ವರ್ಷ

2015ರ ಏಪ್ರಿಲ್ 16ರಂದು ಸಿಸಿಗ್ ಮತ್ತು ಅಟಾರ್ನಿ ಜನರಲ್ (ಅಲ್ಲಿ ಪ್ರಾಸಿಕ್ಯೂಟರ್‌ಗಳ ಮುಖ್ಯಸ್ಥರು) ಕಚೇರಿ ಒಂದು ಜಾಲವನ್ನು ಬಯಲು ಮಾಡಿದವು. ಕಸ್ಟಮ್ಸ್‌ನಲ್ಲಿ ಸುಂಕ ತಪ್ಪಿಸುವ ಜಾಲ. ಆಮದು ಮಾಡುವವರು ಒಂದು ಫೋನ್ ನಂಬರಿಗೆ ಕರೆ ಮಾಡುತ್ತಿದ್ದರು. ಸರಕಾರಕ್ಕೆ ಕಟ್ಟಬೇಕಾದ ಸುಂಕದಲ್ಲಿ ಒಂದು ಪಾಲು ಮಾತ್ರ ಖಜಾನೆಗೆ ಹೋಗುತ್ತಿತ್ತು, ಒಂದು ಪಾಲು ಜಾಲಕ್ಕೆ, ಉಳಿದದ್ದು ಆಮದುದಾರರಿಗೇ ಉಳಿತಾಯ. ಆ ಫೋನ್ ಲೈನಿನಿಂದಲೇ ಪ್ರಕರಣಕ್ಕೆ ‘ಲಾ ಲೀನಿಯಾ’ ಅನ್ನುವ ಹೆಸರು ಬಂತು. ಕದ್ದಾಲಿಸಿದ ಸಾವಿರಾರು ಕರೆಗಳು ಉಪಾಧ್ಯಕ್ಷೆಯ ಕಚೇರಿಯತ್ತ ತೋರಿಸಿದವು, ಆಮೇಲೆ ಅಧ್ಯಕ್ಷರತ್ತಲೂ.

ಮರುತಿಂಗಳೇ ಇನ್ನೊಂದು ತುಣುಕು ಹೊರಬಂತು. ಈ ಜಾಲದ ಆರೋಪಿಗಳಿಗೆ ಜೈಲಿನಿಂದ ಹೊರಬರುವ ಆದೇಶ ಕೊಡಿಸಲು ನ್ಯಾಯಾಧೀಶರೊಬ್ಬರಿಗೆ ಲಂಚ ಕೊಟ್ಟ ಆರೋಪದ ಮೇಲೆ ವಕೀಲರು ಸಿಕ್ಕಿಬಿದ್ದರು. ಕಸ್ಟಮ್ಸ್ ಜಾಲದ ಹಿಂದೆ ಕೋರ್ಟಿನ ಜಾಲ. ಸುದ್ದಿಯಲ್ಲಿ ಇದು ಎರಡನೇ ಸಾಲಿನಲ್ಲಿ ಬಂದು ಹೋಯಿತು. ನನ್ನ ಮಟ್ಟಿಗೆ ಇದೇ ಮೊದಲ ಸಾಲು. ಕದಿಯುವವರಿಗೆ ಕೋರ್ಟಿನ ಭರವಸೆ ಇಲ್ಲದಿದ್ದರೆ ಅಷ್ಟು ನಿರ್ಭಯವಾಗಿ ಫೋನಿನಲ್ಲಿ ಮಾತಾಡುತ್ತಿದ್ದರಾ?

ಏಪ್ರಿಲ್ 25ರಿಂದ ರಾಜಧಾನಿಯ ಅರಮನೆ ಎದುರಿನ ಚೌಕದಲ್ಲಿ ಶನಿವಾರಗಳಂದು ಜನ ಸೇರತೊಡಗಿದರು. ಪಕ್ಷ ಇಲ್ಲ, ನಾಯಕರಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದರು, ಕಸವನ್ನು ತಾವೇ ಗುಡಿಸಿ ಹೋದರು. ಮೇ 8ರಂದು ಉಪಾಧ್ಯಕ್ಷೆ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 1ರಂದು ಸಂಸತ್ತು ಅಧ್ಯಕ್ಷರ ಮೇಲೆ ಕೇಸು ಹಾಕದಂತೆ ಇದ್ದ ಕಾನೂನು ರಕ್ಷಣೆಯನ್ನು ತೆಗೆದುಹಾಕಿತು. ಅವರೂ ರಾಜೀನಾಮೆ ಕೊಟ್ಟು ಕೋರ್ಟಿಗೆ ಹಾಜರಾದರು, ಅದೇ ವಾರ ಬಂಧನಕ್ಕೊಳಗಾದರು. ಒಂದೇ ಒಂದು ಗುಂಡು ಹಾರಲಿಲ್ಲ. ಮೂವತ್ತಾರು ವರ್ಷ ಗುಂಡಿನ ಸದ್ದು ಕೇಳಿದ್ದ ದೇಶ ಇದು ಅನ್ನುವುದನ್ನು ಮರೆಯಬಾರದು.

ಕೈತಪ್ಪಿದ ಎರಡು ಅವಕಾಶಗಳು

ಇಲ್ಲಿಂದ ಮುಂದೆ ನಾನು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಕಲಿಯುವುದು ಹೆಚ್ಚು ಇರುವುದು ಇಲ್ಲಿ.

ಅಕ್ಟೋಬರ್ 2015ರಲ್ಲಿ ಹೊಸ ಅಧ್ಯಕ್ಷರ ಆಯ್ಕೆಯಾಯಿತು. ರಾಜಕೀಯಕ್ಕೆ ಹೊಸಬರು, ಹಾಸ್ಯನಟರಾಗಿದ್ದವರು. ‘ಭ್ರಷ್ಟನೂ ಅಲ್ಲ, ಕಳ್ಳನೂ ಅಲ್ಲ’ ಅನ್ನುವುದು ಅವರ ಘೋಷಣೆ. ಜನ ಅದನ್ನು ನಂಬಿದರು. ಸಿಸಿಗ್ ಮತ್ತು ಅಟಾರ್ನಿ ಜನರಲ್ ಒಂದರ ಹಿಂದೆ ಒಂದು ಪ್ರಕರಣ ಹೊರತರುತ್ತಿದ್ದರು. ಪ್ರತಿ ಪ್ರಕರಣವೂ ದೊಡ್ಡ ಸುದ್ದಿ.

2016ರ ಅಕ್ಟೋಬರ್‌ನಲ್ಲಿ ಸಂವಿಧಾನ ತಿದ್ದುಪಡಿಯ ಪ್ರಸ್ತಾವ ಸಂಸತ್ತಿಗೆ ಬಂತು. ನೇಮಕಾತಿ ಸಮಿತಿಯ ವ್ಯವಸ್ಥೆಯನ್ನು ಬದಲಿಸುವುದು, ನ್ಯಾಯಾಧೀಶರಿಗೆ ನಿಜವಾದ ವೃತ್ತಿಜೀವನ ಕಟ್ಟಿಕೊಡುವುದು ಅದರ ಉದ್ದೇಶ. ಅಂದರೆ ಪಟ್ಟಿಗೇ ಕೈ ಹಾಕುವ ಪ್ರಯತ್ನ. 158 ಸದಸ್ಯರ ಸಂಸತ್ತಿನಲ್ಲಿ 105 ಮತ ಬೇಕಿತ್ತು, ಆಮೇಲೆ ಜನಮತಗಣನೆ. ಅದೇ ಪ್ರಸ್ತಾವದಲ್ಲಿ ಬುಡಕಟ್ಟು ಸಮುದಾಯಗಳ ನ್ಯಾಯ ಪದ್ಧತಿಗೆ ಮಾನ್ಯತೆ ಕೊಡುವ ಒಂದು ಕಲಮೂ ಇತ್ತು.

ಆ ಕಲಮಿನ ಮೇಲೆ ಇಡೀ ಪ್ರಸ್ತಾವ ಸಿಕ್ಕಿಬಿತ್ತು. ‘ದೇಶದಲ್ಲಿ ಎರಡು ಕಾನೂನು ಬರುತ್ತದೆ’ ಎಂಬ ಭಯ ಹಬ್ಬಿತು. 2017ರ ಆರಂಭದಲ್ಲಿ ಆ ಕಲಮಿಗೆ ಬೇಕಾದಷ್ಟು ಮತ ಬರಲಿಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಂಡ ಮೇಲೂ ಉಳಿದದ್ದು ಮುಂದೆ ಹೋಗಲಿಲ್ಲ. ಪ್ರಸ್ತಾವ ಅಲ್ಲೇ ತಣ್ಣಗಾಯಿತು.

ಆ ಕಲಮು ಸೇರಿಸಿದ್ದು ತಪ್ಪು ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯುದ್ಧದಲ್ಲಿ ಅತಿ ಹೆಚ್ಚು ಸತ್ತವರ ನ್ಯಾಯ ಪದ್ಧತಿಗೆ ಜಾಗ ಕೊಡುವುದು ನ್ಯಾಯವೇ. ತಪ್ಪಿದ್ದು ಹೊತ್ತು. ಚೌಕ ತುಂಬಿದ್ದ 2015ರ ಆಗಸ್ಟ್‌ನಲ್ಲಿ ಜನ ಕೇಳಿದ್ದು ‘ಇವರನ್ನು ಇಳಿಸಿ’ ಅಂತ. ‘ಪಟ್ಟಿ ಹೇಗೆ ಮಾಡುತ್ತೀರಿ ತೋರಿಸಿ’ ಅನ್ನುವುದು ಘೋಷಣೆಯಾಗಲಿಲ್ಲ. ಆಗುವುದು ಸುಲಭವೂ ಅಲ್ಲ. ಬಂಧನವನ್ನು ಟಿವಿಯಲ್ಲಿ ತೋರಿಸಬಹುದು. ನೇಮಕಾತಿ ಸಮಿತಿಯ ನಿಯಮವನ್ನು ತೋರಿಸುವುದು ಹೇಗೆ? ಒಂದು ವರ್ಷಕ್ಕೂ ಹೆಚ್ಚು ಕಳೆದ ಮೇಲೆ ಪ್ರಸ್ತಾವ ಬಂದಾಗ ಚೌಕ ಖಾಲಿಯಾಗಿತ್ತು. ಸಂಸದರಿಗೆ ಹೆದರುವ ಕಾರಣ ಉಳಿದಿರಲಿಲ್ಲ.

ಎರಡನೆಯ ಅವಕಾಶ ಕೈತಪ್ಪಿದ್ದು ಗೆದ್ದ ಹಾಗೆ ಕಾಣುತ್ತಿದ್ದಾಗ. 2016ರಲ್ಲೇ ಅಟಾರ್ನಿ ಜನರಲ್ ಕಚೇರಿಯ ಕಾನೂನಿಗೆ ಒಂದು ತಿದ್ದುಪಡಿ ಬಂತು. ಉದ್ದೇಶಪೂರ್ವಕ ಅಪರಾಧಕ್ಕೆ ಅಂತಿಮ ತೀರ್ಪಿನಲ್ಲಿ ಶಿಕ್ಷೆಯಾದರೆ ಮಾತ್ರ ಅಟಾರ್ನಿ ಜನರಲ್ ಅವರನ್ನು ಅಧ್ಯಕ್ಷರು ತೆಗೆಯಬಹುದು. ಆಗ ಆ ಕುರ್ಚಿಯಲ್ಲಿದ್ದವರು ಧೈರ್ಯದಿಂದ ಕೆಲಸ ಮಾಡುತ್ತಿದ್ದರು. ಅವರನ್ನು ಕಾಪಾಡಬೇಕಿತ್ತು. ಎಲ್ಲರೂ ಮೆಚ್ಚಿದರು. ನಾನು ಅಲ್ಲಿದ್ದಿದ್ದರೆ ನಾನೂ ಮೆಚ್ಚುತ್ತಿದ್ದೆ.

ಆದರೆ ಕುರ್ಚಿಯಲ್ಲಿ ಕೂರುವವರನ್ನು ಆರಿಸುವ ದಾರಿ ಮೊದಲಿನದೇ ಇತ್ತು. ಡೀನ್‌ಗಳಿರುವ ಸಮಿತಿ, ಆರು ಹೆಸರು, ಅಧ್ಯಕ್ಷರ ಆಯ್ಕೆ. 2018ರ ಮೇ ತಿಂಗಳಲ್ಲಿ ಅದೇ ಅಧ್ಯಕ್ಷರು ಹೊಸ ಅಟಾರ್ನಿ ಜನರಲ್ ಅವರನ್ನು ನೇಮಿಸಿದರು. ಹಿಂದಿನವರನ್ನು ಕಾಯಲು ಕಟ್ಟಿದ ಬೇಲಿ ಈಗ ಇವರನ್ನು ಕಾಯತೊಡಗಿತು.

ತಿರುಗಿದ ಗಾಳಿ

2017ರ ಆಗಸ್ಟ್‌ನಲ್ಲಿ ಸಿಸಿಗ್ ಮತ್ತು ಹಿಂದಿನ ಅಟಾರ್ನಿ ಜನರಲ್, ಅಧ್ಯಕ್ಷರ ಚುನಾವಣಾ ದೇಣಿಗೆಯ ತನಿಖೆಗಾಗಿ ಅವರ ಕಾನೂನು ರಕ್ಷಣೆ ತೆಗೆಯಿರಿ ಎಂದು ಕೇಳಿದರು. ಎರಡೇ ದಿನದಲ್ಲಿ ಅಧ್ಯಕ್ಷರು ಸಿಸಿಗ್ ಮುಖ್ಯಸ್ಥರಿಗೆ ದೇಶ ಬಿಡಲು ಹೇಳಿದರು. ಸಂವಿಧಾನ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಸಂಸತ್ತು ಅಧ್ಯಕ್ಷರ ರಕ್ಷಣೆ ತೆಗೆಯಲು ಒಪ್ಪಲಿಲ್ಲ. ಜೊತೆಗೆ ಅಕ್ರಮ ಚುನಾವಣಾ ದೇಣಿಗೆಯ ಶಿಕ್ಷೆಯನ್ನು ಸಡಿಲಿಸುವ ತಿದ್ದುಪಡಿಯನ್ನೂ ಮಾಡಿತು. ಜನ ಸಂಸತ್ತನ್ನು ಸುತ್ತುವರಿದರು, ಎರಡು ದಿನದಲ್ಲಿ ಅದನ್ನು ವಾಪಸ್ ಪಡೆಯಬೇಕಾಯಿತು. ಆದರೆ 2018ರಲ್ಲಿ ಸಿಸಿಗ್ ಅವಧಿಯನ್ನು ಮುಂದುವರಿಸುವುದಿಲ್ಲ ಎಂದು ಅಧ್ಯಕ್ಷರು ಘೋಷಿಸಿದರು. ಹೊರದೇಶಕ್ಕೆ ಹೋಗಿದ್ದ ಮುಖ್ಯಸ್ಥರನ್ನು ಮತ್ತೆ ಒಳಗೆ ಬಿಡಲಿಲ್ಲ. 2019ರ ಸೆಪ್ಟೆಂಬರ್ 3ರಂದು ಹನ್ನೆರಡು ವರ್ಷದ ಆ ಸಂಸ್ಥೆ ಬಾಗಿಲು ಮುಚ್ಚಿತು.

2019 ಮತ್ತೆ ಪಟ್ಟಿಯ ವರ್ಷ. ಈ ಸಲ ನ್ಯಾಯಾಧೀಶರ ಕೆಲಸದ ಮೌಲ್ಯಮಾಪನ ಸರಿಯಾಗಿ ಆಗಿಲ್ಲ ಎಂದು ಸಂವಿಧಾನ ನ್ಯಾಯಾಲಯ ಆಯ್ಕೆಯನ್ನೇ ನಿಲ್ಲಿಸಿತು. 2020ರ ಫೆಬ್ರವರಿಯಲ್ಲಿ ವಿಶೇಷ ಪ್ರಾಸಿಕ್ಯೂಟರ್‌ಗಳು ಒಂದು ವಿಷಯ ಹೊರಗೆಡವಿದರು. ಭ್ರಷ್ಟಾಚಾರದ ಆರೋಪದಲ್ಲಿ ಬಂಧನದಲ್ಲಿದ್ದ ಹಿಂದಿನ ಅಧಿಕಾರಿಯೊಬ್ಬ ಆಸ್ಪತ್ರೆಯಲ್ಲಿದ್ದುಕೊಂಡೇ ಆಯ್ಕೆಗೆ ಸಂಬಂಧಪಟ್ಟವರನ್ನು ಭೇಟಿ ಮಾಡುತ್ತಿದ್ದ. ಆರೋಪಿಯೇ ತನ್ನ ನ್ಯಾಯಾಧೀಶರ ಪಟ್ಟಿ ಮಾಡುವ ಸ್ಥಿತಿ. 2014ರ ಆ ಭೇಟಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅಂದು ಒಬ್ಬ ಸಂಸದ ಒಬ್ಬ ನ್ಯಾಯಾಧೀಶೆಯ ಬಳಿಗೆ ಹೋಗಿದ್ದ. ಈಗ ಜನರೇ ಆರೋಪಿಯ ಬಳಿಗೆ ಬರುತ್ತಿದ್ದರು.

ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯ ಆದೇಶ ಕೊಟ್ಟಿತು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಬಾಯಿಬಿಟ್ಟು ಮತ ಹೇಳಿ ಆರಿಸಿ, ಆ ಜಾಲದ ನಂಟಿರುವವರನ್ನು ಕೈಬಿಡಿ. ಇಷ್ಟು ಸ್ಪಷ್ಟ ಆದೇಶ. ಸಂಸತ್ತು ಅದನ್ನು ತಿರಸ್ಕರಿಸಿತಾ? ಇಲ್ಲ. ಸುಮ್ನೆ ಆಯ್ಕೆ ಮಾಡಲಿಲ್ಲ, ಅಷ್ಟೇ. ಹೊಸಬರು ಬರುವವರೆಗೆ ಹಳಬರು ಮುಂದುವರಿಯುತ್ತಾರೆ. 2014ರಲ್ಲಿ ಐದು ವರ್ಷಕ್ಕೆಂದು ಆಯ್ಕೆಯಾದ ಸುಪ್ರೀಂ ಕೋರ್ಟು 2023ರ ನವೆಂಬರ್‌ವರೆಗೆ ಕೂತಿತ್ತು. ಒಂಬತ್ತು ವರ್ಷ. ನ್ಯಾಯಾಧೀಶೆ ‘ಕೊಳೆತಿದೆ’ ಎಂದು ತೋರಿಸಿದ ಅದೇ ಆಯ್ಕೆ.

ಆ ಒಂಬತ್ತು ವರ್ಷ ಯಾಕೆ ಮುಖ್ಯ? ಗ್ವಾಟೆಮಾಲಾದಲ್ಲಿ ನ್ಯಾಯಾಧೀಶರ ಮೇಲೆ ಕೇಸು ಹಾಕಬೇಕಾದರೆ ಮೊದಲು ಅವರ ಕಾನೂನು ರಕ್ಷಣೆ ತೆಗೆಯಬೇಕು. ಅದನ್ನು ತೀರ್ಮಾನಿಸುವುದು ಸುಪ್ರೀಂ ಕೋರ್ಟು. ಹಾಗಾಗಿ ಮೇಲಿನ ಹದಿಮೂರು ಕುರ್ಚಿ ಯಾರ ಕೈಲಿವೆಯೋ, ಕೆಳಗಿನ ಪ್ರತಿ ನ್ಯಾಯಾಧೀಶರ ನಿದ್ದೆಯೂ ಅವರ ಕೈಲಿ. ಸಂಘಟಿತ ಅಪರಾಧ, ದೊಡ್ಡ ಭ್ರಷ್ಟಾಚಾರದಂಥ ಅಪಾಯದ ಕೇಸುಗಳಿಗೆಂದೇ 2009ರಲ್ಲಿ ವಿಶೇಷ ಕೋರ್ಟುಗಳು ಆರಂಭವಾಗಿದ್ದವು. ಅಲ್ಲಿ ಧೈರ್ಯದಿಂದ ಆದೇಶ ಕೊಟ್ಟಿದ್ದ ನ್ಯಾಯಾಧೀಶೆಯೊಬ್ಬರು 2022ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. ‘ಲಾ ಲೀನಿಯಾ’ ಪ್ರಕರಣದ ಆರಂಭದ ಹಂತ ನಡೆಸಿದ್ದ ನ್ಯಾಯಾಧೀಶರು ಅದೇ ನವೆಂಬರ್‌ನಲ್ಲಿ ಹೊರದೇಶದಿಂದಲೇ ರಾಜೀನಾಮೆ ಕಳಿಸಿದರು. 2021ರ ಜುಲೈನಲ್ಲಿ ವಿಶೇಷ ಪ್ರಾಸಿಕ್ಯೂಟರ್ ವಿಭಾಗದ ಮುಖ್ಯಸ್ಥರನ್ನು ಹೊಸ ಅಟಾರ್ನಿ ಜನರಲ್ ವಜಾ ಮಾಡಿದ್ದರು. ಅವರು ಅದೇ ರಾತ್ರಿ ಗಡಿ ದಾಟಿದರು. ಹಿಂದಿನ ಅಟಾರ್ನಿ ಜನರಲ್ ಅಷ್ಟರೊಳಗೆ ಅಮೆರಿಕದಲ್ಲಿ ಆಶ್ರಯ ಪಡೆದಿದ್ದರು.

2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯದ ಸರದಿ. 2014ರ ತೀರ್ಪನ್ನು ಒಪ್ಪದಿದ್ದ ಇಬ್ಬರಲ್ಲಿ ಒಬ್ಬರಾಗಿದ್ದ ನ್ಯಾಯಾಧೀಶೆಯನ್ನು ಸರ್ಕಾರಿ ವಿಶ್ವವಿದ್ಯಾಲಯ ಮತ್ತೆ ಆರಿಸಿತ್ತು. ಸಂಸತ್ತು ಅವರಿಗೆ ಪ್ರಮಾಣವಚನ ಕೊಡಲಿಲ್ಲ. ಅವರೂ ಹೊರಟುಹೋದರು.

2022ರ ಡಿಸೆಂಬರ್‌ನಲ್ಲಿ ‘ಲಾ ಲೀನಿಯಾ’ ತೀರ್ಪು ಬಂತು. ಹಿಂದಿನ ಅಧ್ಯಕ್ಷ ಮತ್ತು ಉಪಾಧ್ಯಕ್ಷೆಗೆ 16 ವರ್ಷ ಜೈಲು. ತೀರ್ಪು ಓದಿದ ದಿನ, ಆ ಕೇಸನ್ನು ಕಟ್ಟಿದ ಪ್ರಮುಖರು ದೇಶದೊಳಗೆ ಇರಲಿಲ್ಲ.

ಮತಪೆಟ್ಟಿಗೆ ತನಕ

ಭ್ರಷ್ಟಾಚಾರ ಅಂದರೆ ಕಾನೂನು ಮುರಿಯುವುದು ಅಂತ ನಾವು ಅಂದುಕೊಳ್ಳುತ್ತೇವೆ. ಈ ಪ್ರಕರಣ ಓದುತ್ತಾ ಹೋದ ಹಾಗೆ ನನ್ನ ಆ ತಿಳುವಳಿಕೆ ಬದಲಾಯಿತು. ಮೊದಲ ಹಂತದಲ್ಲಿ ಅದು ಕಾನೂನು ಮುರಿಯುತ್ತದೆ, ಕಸ್ಟಮ್ಸ್‌ನಲ್ಲಿ ಆದ ಹಾಗೆ. ಎರಡನೇ ಹಂತದಲ್ಲಿ ಕಾನೂನು ತನ್ನನ್ನು ಮುಟ್ಟದ ಹಾಗೆ ನೋಡಿಕೊಳ್ಳುತ್ತದೆ, ಪಟ್ಟಿಯಲ್ಲಿ ಆದ ಹಾಗೆ. ಮೂರನೇ ಹಂತದಲ್ಲಿ ಕಾನೂನನ್ನೇ ಕೈಗೆತ್ತಿಕೊಂಡು ಎದುರಿಗೆ ಬರುತ್ತದೆ.

ಮೂರನೇ ಹಂತ ಬಂದದ್ದು 2023ರಲ್ಲಿ. 2015ರ ಚೌಕದಲ್ಲಿ ಹುಟ್ಟಿದ ಗೆಳೆಯರ ಬಳಗವೊಂದು ಪಕ್ಷವಾಗಿ ಬೆಳೆದಿತ್ತು. ಅದರ ಅಭ್ಯರ್ಥಿ ಜೂನ್‌ನ ಮೊದಲ ಸುತ್ತಿನಲ್ಲಿ ಯಾರೂ ನಿರೀಕ್ಷಿಸದೆ ಎರಡನೇ ಸ್ಥಾನಕ್ಕೆ ಬಂದರು. ಕೂಡಲೇ ಒಬ್ಬ ಪ್ರಾಸಿಕ್ಯೂಟರ್ ಕೇಳಿದ, ಒಬ್ಬ ನ್ಯಾಯಾಧೀಶ ಪಕ್ಷವನ್ನು ಅಮಾನತು ಮಾಡುವ ಆದೇಶ ಕೊಟ್ಟ. ಆಗಸ್ಟ್ 20ರಂದು ಆ ಅಭ್ಯರ್ಥಿ ದೊಡ್ಡ ಅಂತರದಲ್ಲಿ ಗೆದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಚುನಾವಣಾ ಮಂಡಳಿಯ ಮೇಲೆ ದಾಳಿ ನಡೆಯಿತು. ಮತ ಎಣಿಕೆಯ ಮೂಲ ಕಾಗದಗಳನ್ನು ಹೊತ್ತೊಯ್ದರು. ಪ್ರತಿ ಹೆಜ್ಜೆಗೂ ವಾರಂಟ್ ಇತ್ತು, ಮೊಹರು ಇತ್ತು, ಸಹಿ ಇತ್ತು.

ಇದನ್ನು ತಡೆದವರು ಯಾರು ಅನ್ನುವುದು ನನ್ನ ಮನಸ್ಸು ತುಂಬುವ ಸಂಗತಿ. ಅಕ್ಟೋಬರ್ 2ರಿಂದ ಬುಡಕಟ್ಟು ಸಮುದಾಯಗಳ ಹಿರಿಯರು ರಸ್ತೆಗಿಳಿದರು. ಟೊಟೊನಿಕಪಾನ್ ಪ್ರದೇಶದ 48 ಹಳ್ಳಿಕೂಟಗಳ ಮುಖಂಡರು ಮುಂದೆ ನಿಂತರು. ಹೆದ್ದಾರಿಗಳು ನಿಂತವು. ರಾಜಧಾನಿಯ ಅಟಾರ್ನಿ ಜನರಲ್ ಕಚೇರಿ ಎದುರು ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ಇವರ ನ್ಯಾಯ ಪದ್ಧತಿಗೆ ಮಾನ್ಯತೆ ಕೊಡುವ ಕಲಮಿನ ಮೇಲೆಯೇ 2017ರ ಸುಧಾರಣೆ ಬಿದ್ದದ್ದು. ‘ಎರಡು ಕಾನೂನು ಬರುತ್ತದೆ’ ಎಂದು ಯಾರ ಬಗ್ಗೆ ಹೆದರಿಸಿದ್ದರೋ ಅವರೇ ಇಡೀ ದೇಶದ ಮತವನ್ನು ಕಾದರು. 2024ರ ಜನವರಿ 14ರಂದು ಆಗಬೇಕಿದ್ದ ಪ್ರಮಾಣವಚನವನ್ನು ಸಂಸತ್ತು ಗಂಟೆಗಟ್ಟಲೆ ಎಳೆಯಿತು. ಮಧ್ಯರಾತ್ರಿ ದಾಟಿದ ಮೇಲೆ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡರು.

ಬೇರೆಯವರು ಏನು ನೋಡಬೇಕು

ಇಂಥ ಕೆಲಸಕ್ಕೆ ಕೈಹಾಕುವವರು ಹೆಚ್ಚಾಗಿ ತನಿಖಾ ಸಂಸ್ಥೆಯಿಂದ ಶುರು ಮಾಡುತ್ತಾರೆ. ಅದು ಸಹಜ. ಕಳ್ಳತನ ಕಣ್ಣಿಗೆ ಕಾಣುತ್ತದೆ, ಹಿಡಿಯಬೇಕು ಅನ್ನಿಸುತ್ತದೆ. ಉಕ್ರೇನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಭ್ರಷ್ಟಾಚಾರ ವಿರೋಧಿ ತನಿಖಾ ಸಂಸ್ಥೆ ಮೊದಲೇ ಬಂದಿತ್ತು, ಕೇಸುಗಳು ಹಳೆಯ ಕೋರ್ಟುಗಳಲ್ಲಿ ಹೂತುಹೋಗುತ್ತಿದ್ದವು. ಆಮೇಲೆ 2019ರಲ್ಲಿ ಬೇರೆಯೇ ಒಂದು ಉನ್ನತ ಭ್ರಷ್ಟಾಚಾರ ವಿರೋಧಿ ನ್ಯಾಯಾಲಯ ಶುರುವಾಯಿತು. ಅದರ ನ್ಯಾಯಾಧೀಶರ ಆಯ್ಕೆಯಲ್ಲಿ ಆರು ವಿದೇಶಿ ತಜ್ಞರಿಗೆ ಆಕ್ಷೇಪಣೆ ಎತ್ತುವ ಅಧಿಕಾರ ಇತ್ತು. ಆ ಪರೀಕ್ಷೆಯಲ್ಲಿ ಹಲವು ಅಭ್ಯರ್ಥಿಗಳು ಹೊರಬಿದ್ದರು. ಅಂದರೆ ಅಲ್ಲಿ ಹೊರಗಿನವರ ನೆರವು ಬಂದದ್ದು ಪಟ್ಟಿಗೆ. ಗ್ವಾಟೆಮಾಲಾದಲ್ಲಿ ಬಂದದ್ದು ತನಿಖೆಗೆ. ಉಕ್ರೇನ್‌ನಲ್ಲೂ ಎಲ್ಲ ಸರಿಹೋಗಿಲ್ಲ. 2025ರ ಜುಲೈನಲ್ಲಿ ಆ ತನಿಖಾ ಸಂಸ್ಥೆಯ ಸ್ವಾತಂತ್ರ್ಯ ಕಿತ್ತುಕೊಳ್ಳುವ ಕಾನೂನು ಪಾಸಾಯಿತು, ಜನ ಬೀದಿಗಿಳಿದ ಮೇಲೆ ಅದೇ ತಿಂಗಳಲ್ಲಿ ಅದನ್ನು ಬದಲಿಸಬೇಕಾಯಿತು.

ನೀವು ಯಾವ ದೇಶದಲ್ಲೇ ಇಂಥ ಸುಧಾರಣೆಯ ಕರಡು ಓದುತ್ತಿದ್ದರೂ, ಮೊದಲು ನೇಮಕಾತಿಯ ಪುಟ ತೆರೆಯಿರಿ. ಹೆಸರು ಬರೆಯುವವರು ಯಾರು, ಅವರನ್ನು ಆರಿಸುವವರು ಯಾರು, ಎಷ್ಟು ಕುರ್ಚಿ ಒಂದೇ ದಿನ ಖಾಲಿಯಾಗುತ್ತವೆ, ಹೊಸಬರು ಬಾರದಿದ್ದರೆ ಹಳಬರು ಎಷ್ಟು ದಿನ ಕೂರಬಹುದು. ಕೊನೆಯ ಪ್ರಶ್ನೆಯನ್ನು ಗ್ವಾಟೆಮಾಲಾದಲ್ಲಿ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಆಮೇಲೆ ಬೇಲಿಯ ಪುಟ ಓದಿ. ಒಳ್ಳೆಯವರನ್ನು ಕಾಯಲು ಹಾಕುವ ಪ್ರತಿ ಕಲಮನ್ನೂ, ನಾಳೆ ಅದೇ ಕುರ್ಚಿಗೆ ಬೇರೆಯವರು ಬಂದರೆ ಏನಾಗುತ್ತದೆ ಅಂತ ಒಮ್ಮೆ ಓದಿ ನೋಡಿ.

ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬಂದಾಗ, ಚುನಾವಣೆಯನ್ನು ಪ್ರಶ್ನಿಸಿದ್ದ ಅಟಾರ್ನಿ ಜನರಲ್ ಅದೇ ಕುರ್ಚಿಯಲ್ಲಿದ್ದರು. ರಾಜೀನಾಮೆ ಕೊಡಿ ಎಂದು ಅಧ್ಯಕ್ಷರು ಕೇಳಿದರು, ಅವರು ಒಪ್ಪಲಿಲ್ಲ. 2016ರ ತಿದ್ದುಪಡಿ ಇರುವುದರಿಂದ ತೆಗೆಯಲು ಆಗಲಿಲ್ಲ. ಅವರ ಎರಡನೇ ಅವಧಿಯ ಲೆಕ್ಕ 2026ರ ಮೇ ತಿಂಗಳವರೆಗೆ. ಮುಂದಿನವರಿಗಾಗಿ ಆರು ಹೆಸರಿನ ಪಟ್ಟಿ ಮಾಡಬೇಕಾದದ್ದು ಒಂದು ಸಮಿತಿ. ಅದರಲ್ಲಿ ಸುಪ್ರೀಂ ಕೋರ್ಟಿನ ಅಧ್ಯಕ್ಷರು, ವಕೀಲರ ಸಂಘದವರು, ಮತ್ತು ಪ್ರತಿ ವಿಶ್ವವಿದ್ಯಾಲಯದ ಕಾನೂನು ವಿಭಾಗದ ಡೀನ್.